ಆರೆಮ್ಮೆ ಕರೆಂಟು

ನನ್ನ ಮಗ ಹುಲ್ಲು ಕತ್ತರಿಸುವ ಮಿಶನ್ನಿನ ಸ್ವಿಚ್ಚನ್ನು ಗೋಡೆಯ ಮೇಲಕ್ಕೆ ಏರಿಸಿದ. ನನ್ನ ಕೈಗೆ ಎಟುಕಬಾರದು ಅಂತಲೇ ಏರಿಸಿದ. ಮೊದಲು ಅದು ನನ್ನ ಭುಜದ ಮಟ್ಟಕ್ಕಿತ್ತು. ಈಗ ಕೊಟ್ಟಿಗೆಯ ತೊಲೆಗೆ ಒಂದು ಗೇಣು ಕೆಳಗೆ ಹೋಗಿ ಕೂತಿತು. ಮಗ ಎತ್ತರದ ಆಳು, ಕೈ ಚಾಚಿದರೆ ಅವನಿಗೆ ಸಿಗುತ್ತದೆ. ನಾನು ತುದಿಗಾಲಲ್ಲಿ ನಿಂತರೂ ನನ್ನ ಬೆರಳಿಗೂ ಅದಕ್ಕೂ ನಡುವೆ ಒಂದು ಮೊಳ ಉಳಿಯುತ್ತಿತ್ತು.

ಸ್ವಿಚ್ಚು ಮೇಲೆ ಹೋದರೆ ಹೋಗಲಿ ಅಂತ ಬಿಡುವ ಮಾತಲ್ಲ ಇದು. ಸ್ವಿಚ್ಚಿಲ್ಲದೆ ಮಿಶನ್ನಿಲ್ಲ, ಮಿಶನ್ನಿಲ್ಲದೆ ಮೇವಿಲ್ಲ. ಎರಡು ಸೀಮೆ ಹಸು ನನ್ನವು. ಕರುಗಳಾಗಿದ್ದಾಗಿನಿಂದ ಸಾಕಿದವಳು ನಾನು. ಕುಡುಗೋಲಿನಲ್ಲಿ ಜೋಳದ ಕಡ್ಡಿ ಕತ್ತರಿಸಿ ಎರಡು ಸೀಮೆ ಹಸುವಿನ ಹೊಟ್ಟೆ ತುಂಬಿಸುವ ಶಕ್ತಿ ಈಗ ನನ್ನ ಮಣಿಕಟ್ಟಿನಲ್ಲಿಲ್ಲ. ಮಗ ಬೆಳಗಿನ ರೈಲು ಹಿಡಿದು ಬಂಗಾರಪೇಟೆಯಿಂದ ಕೆಜಿಎಫ್‌ನ ಫ್ಯಾಕ್ಟರಿಗೆ ಹೋಗುವವನು, ಬರುವುದು ದೀಪ ಹಚ್ಚಿದ ಮೇಲೆ. ಅವನು ಬಂದು ಸ್ವಿಚ್ಚು ಒತ್ತುವವರೆಗೆ ಹಸುಗಳು ಕಾಯುತ್ತವೆಯೇ? ಅವನೂ ಅದನ್ನೇ ಹೇಳಿದ. ಆದರೆ ಬೇರೆ ಥರ ಹೇಳಿದ.

"ಇನ್ನ ಯಾಕಮ್ಮ ಈ ಅಸಗಳು? ಮಾರಿಬುಡಾನ. ಭಾನುವಾರ ದಲ್ಲಾಳಿಗೆ ಬಾ ಅಂತ ಯೋಳಿದ್ದೀನಿ."

"ಯಾರ್ನ ಕೇಳಿ ಯೋಳ್ದೆ?"

"ನೀನು ಮಿಶನ್ನು ಸುಟ್ಟಾಕ್ದಾಗ ಯಾರ್ನ ಕೇಳ್ದೆ?"

ಸುಟ್ಟು ಹಾಕಿದ್ದು ನಾನಂತೆ. ಆಗಿದ್ದನ್ನು ಆಗಿದ್ದ ಹಾಗೇ ಹೇಳುತ್ತೇನೆ. ಬೆಳಗ್ಗೆ ಹಾಲು ಡೈರಿಗೆ ಹಾಕಿ ಬಂದು, ಸ್ವಿಚ್ಚು ಹಾಕಿ, ಮೊದಲ ಹಿಡಿ ಕಡ್ಡಿ ತಳ್ಳಿದೆ. ಮೋಟಾರು ಚೆನ್ನಾಗಿಯೇ ತಿರುಗಿತು. ಆಮೇಲೆ ಡಬ್ ಅಂತ ಒಂದು ಸದ್ದು. ಮೋಟಾರಿನ ತಲೆಯ ಮೇಲೆ ಕಟ್ಟಿದ್ದ ಕಂಡೆನ್ಸರ್ ಡಬ್ಬಿ ಹೊಟ್ಟೆ ಬಿರಿದು ಎಣ್ಣೆ ಕಾರಿತು. ನಾನು ಸ್ವಿಚ್ಚು ಆರಿಸಿ ಹಸುಗಳನ್ನು ಆಚೆ ಕಟ್ಟಿದೆ. ಓಡಲಿಲ್ಲ, ಕೂಗಲಿಲ್ಲ. ನೆರೆಯವಳು ಬಂದು "ಅಯ್ಯೋ ಅತ್ತೆ, ಜೀವ ಉಳೀತಲ್ಲ" ಅಂತ ಎದೆ ಬಡಿದುಕೊಂಡಳು. "ನಂದು ಉಳೀತು, ಡಬ್ಬೀದು ಓಯ್ತು, ಓಗಿ ನಿನ್ ಕೆಲಸ ನೋಡ್ಕೋ" ಅಂದೆ.

ಸಾಯಂಕಾಲ ಮಗ ಬಂದವನೇ ತೀರ್ಪು ಕೊಟ್ಟುಬಿಟ್ಟ. ಕರೆಂಟು ಡಿಮ್ ಇದ್ದಾಗ ಓಡಿಸಿದ್ದೀಯ, ದಪ್ಪ ದಪ್ಪ ಕಂತೆ ತುರುಕಿದ್ದೀಯ, ಅದಕ್ಕೇ ಸುಟ್ಟಿತು ಅಂತ. ನಾನು ಇಲ್ಲ ಅಂದೆ. ನನ್ನ "ಇಲ್ಲ"ಕ್ಕೆ ಬೆಲೆ ಇರಲಿಲ್ಲ. ಅವನು ಐಟಿಐ ಮಾಡಿದವನು, ನಾನು ನಾಲ್ಕನೇ ಕ್ಲಾಸು. ಬಡಗಿಯ ಹತ್ತಿರ ಏಣಿ ತಂದು ಅವತ್ತೇ ಸ್ವಿಚ್ಚನ್ನು ಮೇಲೆ ಏರಿಸಿದ. ಹಳೆ ಜಾಗದಲ್ಲಿ ಗೋಡೆಗೆ ನಾಲ್ಕು ತೂತು ಉಳಿದವು. ಹೊಸ ಕಂಡೆನ್ಸರ್ ಬರುವವರೆಗೆ ಹಸುಗಳಿಗೆ ಒಣಹುಲ್ಲೇ ಗತಿ.

ಕರೆಂಟು ಮುಟ್ಟಬೇಡ ಅಂತ ನನಗೆ ಹೇಳಿದರೆ ಮೈಯುರಿಯಲು ಇನ್ನೊಂದು ಕಾರಣವಿದೆ. ನಾನು ಹುಟ್ಟಿದ್ದು ಕೆಜಿಎಫ್ ಚಿನ್ನದ ಗಣಿಯ ಊರಿಗಾಂನಲ್ಲಿ, ಗಣಿ ಕೆಲಸಗಾರರ ಲೈನ್ ಮನೆಯಲ್ಲಿ. ಗಣಿಗೋಸ್ಕರ ಕರೆಂಟು ಬೆಂಗಳೂರಿಗಿಂತ ಮೊದಲು ನಮ್ಮ ಕಡೆ ಬಂತು ಅಂತ ಅಲ್ಲಿಯವರು ಇವತ್ತಿಗೂ ಮೀಸೆ ತಿರುವುತ್ತಾರೆ. ನಾನು ಮೀಸೆ ಇಲ್ಲದವಳಾದರೂ ಆ ಹೆಮ್ಮೆಯಲ್ಲಿ ನನಗೂ ಪಾಲಿದೆ. ಮದುವೆಯಾಗಿ ಈ ಹಳ್ಳಿಗೆ ಬಂದಾಗ ಇಲ್ಲಿ ಸೀಮೆಎಣ್ಣೆ ಬುಡ್ಡಿ. ಅತ್ತೆಗೆ ಬಲ್ಬು ಅಂದರೇನು ಅಂತ ವಿವರಿಸಿದವಳು ನಾನು. ಕಂಬ ನೆಟ್ಟು ತಂತಿ ಎಳೆದ ಮೇಲೆ, ಅತ್ತೆ ಹೆದರಿ ಹಿಂದೆ ಸರಿದಾಗ ಮೊದಲ ಸ್ವಿಚ್ಚು ಒತ್ತಿದ ಕೈ ಇದೇ. ನನ್ನ ಮಗ ಆಗ ತೊಟ್ಟಿಲಲ್ಲಿದ್ದ.

ಮೊಮ್ಮಗಳು, ಅಂದರೆ ಇದೇ ಮಗನ ಮಗಳು, ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಿಕಲ್ ಓದುತ್ತಾಳೆ. ಆ ವಾರ ಅವಳಿಗೆ ಪರೀಕ್ಷೆಯ ರಜೆ. ಪಡಸಾಲೆಯಲ್ಲಿ ಕೂತು ಗಟ್ಟಿಯಾಗಿ ಓದುತ್ತಿದ್ದಳು. ನಾನು ಕಂಬಕ್ಕೆ ಕಡಗೋಲು ಕಟ್ಟಿ ಮಜ್ಜಿಗೆ ಕಡೆಯುತ್ತಿದ್ದೆ. ಮಿಕ್ಸಿಯಲ್ಲಿ ಹಾಕಬಾರದೇ ಅಂತ ಸೊಸೆ ಕೇಳುತ್ತಾಳೆ. ಮಿಕ್ಸಿಯಲ್ಲಿ ಬೆಣ್ಣೆ ಬಿಸಿಯಾಗಿ ಹರಳುಹರಳಾಗುತ್ತದೆ, ನನಗೆ ಆಗುವುದಿಲ್ಲ.

ಹುಡುಗಿ ಒಂದೇ ಮಾತನ್ನು ತಿರುಗಿಸಿ ಮುರುಗಿಸಿ ಹೇಳುತ್ತಿದ್ದಳು. ಆರೆಮ್ಮೆಸ್ ವೋಲ್ಟೇಜು, ಆರೆಮ್ಮೆಸ್ ಕರೆಂಟು, ಆರೆಮ್ಮೆಸ್ ವೋಲ್ಟೇಜು, ಆರೆಮ್ಮೆಸ್ ಕರೆಂಟು.

"ಯಾರ ಮನೇದೇ ಆರೆಮ್ಮೆ?" ಅಂದೆ.

"ಏನಜ್ಜಿ?"

"ಆರೆಮ್ಮೆ, ಆರೆಮ್ಮೆ ಅಂತಿದ್ದೀಯಲ್ಲ. ಈ ಬೀದೀಲಿ ಒಂದೆಮ್ಮೆ ಕೂಡ ಇಲ್ಲ."

ಅವಳು ಪುಸ್ತಕ ಮುಖಕ್ಕೆ ಮುಚ್ಚಿಕೊಂಡು ನಕ್ಕಳು. "ಎಮ್ಮೆ ಅಲ್ಲ ಅಜ್ಜೀ! ಆರು, ಎಮ್ಮು, ಎಸ್ಸು. ಇಂಗ್ಲಿಷಿಂದು."

"ಇಂಗ್ಲಿಷೆಮ್ಮೆ ಆಲು ಎಷ್ಟು ಕೊಡ್ತದೆ?"

"ಅದೇ ಅಜ್ಜಿ ಅದರ ಅರ್ಥ! ಎಷ್ಟು ಕೊಡುತ್ತೆ ಅನ್ನೋದೇ. ಕನ್ನಡದಲ್ಲಿ ಪರಿಣಾಮಕಾರಿ ಮೌಲ್ಯ ಅಂತಾರೆ. ನಮ್ಮ ಮನೆ ಕರೆಂಟು ಇನ್ನೂರ ಮೂವತ್ತು ವೋಲ್ಟು ಅಂತಾರಲ್ಲ, ಅದು ಈ ಲೆಕ್ಕ."

ಇನ್ನೂರ ಮೂವತ್ತು ನನಗೂ ಗೊತ್ತು. ಮಗ ಮೀಟರು ಹಿಡಿದು ನೋಡುವಾಗ ಹೇಳುತ್ತಿರುತ್ತಾನೆ. ಅದಕ್ಕೆ ಲೆಕ್ಕವೇನು ಬಂತು, ಇರುವುದು ಇನ್ನೂರ ಮೂವತ್ತು ತಾನೇ ಅಂದೆ. ಇಲ್ಲ ಅಂದಳು. ಬ್ಯಾಟರಿಯ ಕರೆಂಟು ಒಂದೇ ದಿಕ್ಕಿಗೆ ನೆಟ್ಟಗೆ ಹೋಗುತ್ತದೆ, ಅದು ಡಿ.ಸಿ. ಕಂಬದಿಂದ ಮನೆಗೆ ಬರುವುದು ಎ.ಸಿ., ಅದು ಆ ಕಡೆ ಹೋಗುತ್ತದೆ, ಈ ಕಡೆ ಬರುತ್ತದೆ, ಸೆಕೆಂಡಿಗೆ ಐವತ್ತು ಸಲ. ಹೋಗುವಾಗಲೂ ಒಂದೇ ಸಮ ಇರುವುದಿಲ್ಲ. ಸೊನ್ನೆಯಿಂದ ಏರಿ, ತುದಿ ಮುಟ್ಟಿ, ಇಳಿದು, ಮತ್ತೆ ಉಲ್ಟಾ ಅಷ್ಟೇ ಆಳಕ್ಕೆ ಇಳಿಯುತ್ತದೆ.

"ಓಗಿದ್ದು ವಾಪಸ್ ಬಂದ್ರೆ ನಮಗೆ ಉಳಿದಿದ್ದೇನು?"

"ಕೂಡಿದರೆ ಸೊನ್ನೆ."

"ಸೊನ್ನೆಗೆ ಯಾಕೇ ನಿಮ್ಮಪ್ಪ ತಿಂಗಳು ತಿಂಗಳು ಬಿಲ್ಲು ಕಟ್ಟೋದು?"

ಅವಳ ಉತ್ತರ ಪುಸ್ತಕದಲ್ಲಿತ್ತು. ಪುಟ ತಿರುವಿದಳು. ಅಷ್ಟರಲ್ಲಿ ನನ್ನ ಕಣ್ಣು ನನ್ನ ಕೈಮೇಲೆಯೇ ಬಿತ್ತು. ಬಲಗೈ ಹಗ್ಗ ಎಳೆಯಿತು, ಕಡಗೋಲು ಈ ಕಡೆ ತಿರುಗಿತು. ಎಡಗೈ ಎಳೆಯಿತು, ಆ ಕಡೆ ತಿರುಗಿತು. ಕೂಡಿ ಕಳೆದರೆ ಕಡಗೋಲು ಎಲ್ಲಿಗೂ ಹೋಗಿಲ್ಲ. ಬೆಣ್ಣೆ ಮಾತ್ರ ಮೇಲೆ ಬಂದು ಕೂತಿದೆ.

"ಇಲ್ನೋಡೇ," ಅಂದೆ. "ಬೆಣ್ಣೆ ಯಾವ ಕಡೆ ತಿರುಗಿಸ್ದೆ ಅಂತ ಕೇಳ್ತದಾ?"

ಅವಳು ಪುಸ್ತಕ ಕೆಳಗಿಟ್ಟು ಮಡಕೆಯೊಳಗೆ ಇಣುಕಿದಳು. "ಅಜ್ಜೀ, ಇದೇ ಕಣಜ್ಜಿ! ಕರೆಂಟು ಹರಿದಾಗ ಹುಟ್ಟೋ ಶಾಖವೂ ದಿಕ್ಕು ಕೇಳಲ್ಲ."

ನನ್ನ ಅಪ್ಪನೂ ಹಾಗೇ. ದಿನಾ ಗಣಿಯ ಶಾಫ್ಟಿನೊಳಗೆ ಇಳಿಯುತ್ತಿದ್ದರು, ಹತ್ತಿ ಬರುತ್ತಿದ್ದರು. ಇಳಿದದ್ದನ್ನೂ ಹತ್ತಿದ್ದನ್ನೂ ಕೂಡಿ ಕಳೆದರೆ ಅವರು ಊರಿಗಾಂ ಬಿಟ್ಟು ಎಲ್ಲಿಗೂ ಹೋದವರಲ್ಲ. ಎದೆಯಲ್ಲಿ ಕಲ್ಲಿನ ಧೂಳು ತುಂಬಿತ್ತು. ಅದನ್ನು ಸೊನ್ನೆ ಅಂತ ನನ್ನೆದುರು ನಿಂತು ಯಾರಾದರೂ ಹೇಳಲಿ.

ಹಾಗಾದರೆ ದಿಕ್ಕು ಬಿಟ್ಟು ಬಲವನ್ನಷ್ಟೇ ಸರಾಸರಿ ಮಾಡಿದರೆ ಆಯಿತಲ್ಲ, ಅದಕ್ಕೆ ಎಮ್ಮೆ ಯಾಕೆ ಅಂತ ಕೇಳಿದೆ. ಅಲ್ಲೇ ಎಲ್ಲರೂ ತಪ್ಪುವುದು ಅಂದಳು. ವೋಲ್ಟೇಜು ಎರಡರಷ್ಟಾದರೆ ಹರಿಯುವ ಕರೆಂಟೂ ಎರಡರಷ್ಟಾಗುತ್ತದೆ. ಎರಡೂ ಸೇರಿ ಶಾಖ ನಾಲ್ಕರಷ್ಟು. ಹಗ್ಗವನ್ನು ಒಂದು ಸಲ ಮೆಲ್ಲಗೆ, ಒಂದು ಸಲ ಜೋರಾಗಿ ಎಳೆದು ನೋಡಿದೆ. ಜೋರಾಗಿ ಎಳೆದಾಗ ಕೈಗೆ ಬಲವೂ ಹೆಚ್ಚು ಬೇಕು, ಹಗ್ಗ ಓಡುವುದೂ ಹೆಚ್ಚು. ಅವಳು ಹೇಳಿದ್ದು ಸುಳ್ಳಲ್ಲ.

"ಅಜ್ಜಿ, ನಿಂಗೆ ಮಗ್ಗಿ ಬರುತ್ತಲ್ಲ?"

"ನಿನಗಿಂತ ಚೆನ್ನಾಗಿ ಬತ್ತದೆ. ಫೋನು ಮುಟ್ಟದೆ."

"ಸರಿ. ಒಂದು ಸಲ ಒಂದರಷ್ಟು ಬಲ, ಇನ್ನೊಂದು ಸಲ ಉಲ್ಟಾ ಕಡೆ ಏಳರಷ್ಟು ಬಲ. ದಿಕ್ಕು ಬಿಟ್ಟು ಸರಾಸರಿ ಎಷ್ಟು?"

"ನಾಕು."

"ಈಗ ಒಂದೊಂದನ್ನೂ ಅದರಿಂದಲೇ ಗುಣಿಸು."

"ಒಂದೊಂದ್ಲ ಒಂದು. ಏಳೇಳ್ಲ ನಲವತ್ತೊಂಬತ್ತು."

"ಉಲ್ಟಾ ಏಳನ್ನ ಉಲ್ಟಾ ಏಳರಿಂದಲೇ ಗುಣಿಸಿದರೆ ಉಲ್ಟಾ ಅನ್ನೋದು ಹೊರಟೋಗುತ್ತೆ. ಈಗ ಎರಡನ್ನೂ ಕೂಡು."

"ಐವತ್ತು."

"ಎರಡು ಎಳೆತ ಅಲ್ವಾ, ಅರ್ಧ ಮಾಡು."

"ಇಪ್ಪತ್ತೈದು."

"ಯಾವುದನ್ನ ಅದರಿಂದಲೇ ಗುಣಿಸಿದರೆ ಇಪ್ಪತ್ತೈದು?"

"ಐದೈದ್ಲ. ಐದು." ಹೇಳಿ ಮುಗಿಸಿ ನಾನು ಹಗ್ಗ ಬಿಟ್ಟೆ. "ನಾಕಲ್ಲ, ಐದು."

"ಅದೇ ನಿನ್ನ ಆರೆಮ್ಮೆ. ಒಂದೇ ಕಡೆ, ಒಂದೇ ಸಮ, ಐದರಷ್ಟು ಬಲದಲ್ಲಿ ಎಳೆದಿದ್ದರೂ ಅಷ್ಟೇ ಕೆಲಸ ಆಗ್ತಿತ್ತು. ನೀರು ಕಾಯಿಸೋ ಕಾಯಿಲ್ ಇದೆಯಲ್ಲ? ಬ್ಯಾಟರಿ ಕರೆಂಟು ಇನ್ನೂರ ಮೂವತ್ತು ವೋಲ್ಟು ಕೊಟ್ಟರೆ ಎಷ್ಟು ಹೊತ್ತಿಗೆ ನೀರು ಕಾಯುತ್ತೋ, ಈ ಹೋಗಿ ಬರೋ ಕರೆಂಟೂ ಅಷ್ಟೇ ಹೊತ್ತಿಗೆ ಕಾಯಿಸುತ್ತೆ. ಅದಕ್ಕೇ ಇದನ್ನೂ ಇನ್ನೂರ ಮೂವತ್ತು ಅಂತ ಕರೀತಾರೆ. ಮೋಟಾರಿನ ತಗಡಿನ ಮೇಲೆ ಇಷ್ಟು ಆಂಪ್ಸ್ ಅಂತ ಬರೆದಿರ್ತಾರಲ್ಲ, ಆ ಕರೆಂಟೂ ಇದೇ ಲೆಕ್ಕ. ಅಪ್ಪನ ಮೀಟರು ತೋರಿಸೋದೂ ಇದೇ."

ನಾನು ಬೆಣ್ಣೆ ಬಳಿಯುತ್ತ ಯೋಚಿಸಿದೆ. ಏನೋ ಒಂದು ಚುಚ್ಚುತ್ತಿತ್ತು. ಏಳು ಇದ್ದ ಕಡೆ ಇವರು ಐದು ಅಂತ ಹೆಸರಿಟ್ಟರು. ಕೆಲಸದ ಲೆಕ್ಕಕ್ಕೆ ಐದು ಸರಿ. ಆದರೆ ಏಳು ಎಳೆದಾಗ ಹಗ್ಗ ತಡೆಯಬೇಕಾದ್ದು ಏಳನ್ನು, ಐದನ್ನಲ್ಲ. ಐದಕ್ಕೆ ತಾಳುವ ಹಗ್ಗ ತಂದು ಕಟ್ಟಿದರೆ ಕಿತ್ತು ಹೋಗುತ್ತದೆ.

"ಅಂಗಾದ್ರೆ ಇನ್ನೂರ ಮೂವತ್ತು ಅನ್ನೋದು ನಿಜವಾಗಿ ಎಷ್ಟು ಮೇಲಕ್ಕೆ ಓಗ್ತದೆ?"

"ಮುನ್ನೂರ ಇಪ್ಪತ್ತೈದರ ಹತ್ತಿರ. ಒಂದೊಂದು ಸಲವೂ ಅಲ್ಲಿಗೆ ಹೋಗಿ ಇಳಿಯುತ್ತೆ."

ನಾನು ಎದ್ದೆ. ಕೊಟ್ಟಿಗೆಯ ಮೂಲೆಯಲ್ಲಿ, ಹಳೆಯ ಬಕೆಟ್ಟಿನಲ್ಲಿ, ಆ ಬಿರಿದ ಡಬ್ಬಿ ಇತ್ತು. ಮಗ ಎಸೆದಿದ್ದನ್ನು ನಾನು ಎತ್ತಿಟ್ಟಿದ್ದೆ. ನನ್ನ ತಲೆಮೇಲೆ ಗೂಬೆ ಕೂರಿಸಿದ ವಸ್ತುವನ್ನು ಅಷ್ಟು ಸುಲಭಕ್ಕೆ ತಿಪ್ಪೆಗೆ ಬಿಡುವವಳಲ್ಲ ನಾನು.

ಆ ಡಬ್ಬಿಯ ಕಥೆ ಇಷ್ಟು. ಮಿಶನ್ನಿನ ಜೊತೆ ಬಂದ ಕಂಡೆನ್ಸರ್ ಸೋತಿತ್ತು, ಮೋಟಾರು ಗುಂಯ್ ಅನ್ನುತ್ತಿತ್ತು, ತಿರುಗುತ್ತಿರಲಿಲ್ಲ. ಮಗ ಆಂಡರ್ಸನ್‌ಪೇಟೆಯ ಗುಜರಿಯಿಂದ ಇದನ್ನು ತಂದ. ಬೂದು ಬಣ್ಣದ ದಪ್ಪ ತಗಡಿನ ಡಬ್ಬಿ. "ಕಂಪನಿ ಕಾಲದ ಮಾಲು ಕಣಮ್ಮ, ಈಗಿನ ಪ್ಲಾಸ್ಟಿಕ್ ಅಲ್ಲ" ಅಂತ ಬೆರಳಲ್ಲಿ ತಟ್ಟಿ ತೋರಿಸಿದ್ದ. ಕೆಜಿಎಫ್ ಕಡೆಯವರ ಹುಚ್ಚು ಇದು. ಗಣಿ ಮುಚ್ಚಿ ಎಷ್ಟು ಕಾಲವಾದರೂ, ಗಣಿ ಕಂಪನಿಯ ಮೊಳೆ ಸಿಕ್ಕರೂ ಚಿನ್ನದ ಮೊಳೆ ಅಂತ ಮನೆಗೆ ತರುತ್ತಾರೆ. ಚಾಂಪಿಯನ್ ರೀಫ್ಸ್‌ನಲ್ಲಿರುವ ನನ್ನ ತಂಗಿಯ ಮನೆಯ ಬಾಗಿಲಿಗೆ ಇವತ್ತಿಗೂ ಕಂಪನಿ ಚಿಲಕ. ಅದು ಹಾಕಿದರೆ ತೆಗೆಯಲು ಬರುವುದಿಲ್ಲ, ತೆಗೆದರೆ ಹಾಕಲು ಬರುವುದಿಲ್ಲ. ಆದರೂ ಬದಲಾಯಿಸುವುದಿಲ್ಲ.

ಎಣ್ಣೆ ಒರೆಸಿ ಡಬ್ಬಿಯನ್ನು ಮೊಮ್ಮಗಳ ಕೈಗೆ ಕೊಟ್ಟೆ. "ಅಂಕಿ ನಂಗೆ ಕಾಣ್ತದೆ. ಇನ್ನೂರ ಐವತ್ತು. ಮುಂದಿಂದು ಓದು."

ಅವಳು ಓದಿದಳು. ಮತ್ತೊಮ್ಮೆ ಓದಿದಳು. "ಇನ್ನೂರ ಐವತ್ತು ವೋಲ್ಟ್, ಡಿ.ಸಿ."

"ಡಿ.ಸಿ. ಅಂದ್ರೆ ನೆಟ್ಟಗೆ ಓಗೋದು ಅಂದ್ಯಲ್ಲ?"

"ಹೂಂ."

"ನೆಟ್ಟಗೆ ಇನ್ನೂರ ಐವತ್ತು ಅಂದ್ರೆ ಅದರ ತುದೀನೂ ಇನ್ನೂರ ಐವತ್ತೇ. ಅದರ ಮೇಲೆ ಮುನ್ನೂರ ಇಪ್ಪತ್ತೈದು ಬಂದು ಗುದ್ದಿದ್ರೆ?"

ಹುಡುಗಿ ಬಿರಿದ ಜಾಗದ ಮೇಲೆ ಬೆರಳಾಡಿಸಿದಳು. ಆಮೇಲೆ ಸಣ್ಣ ದನಿಯಲ್ಲಿ ಹೇಳಿದಳು. "ಮೋಟಾರಿನೊಳಗೆ ಕಂಡೆನ್ಸರ್ ಮೇಲೆ ಅದಕ್ಕಿಂತ ಹೆಚ್ಚೇ ಬೀಳುತ್ತೆ ಅಜ್ಜಿ. ಅದಕ್ಕೇ ಎ.ಸಿ. ನಾನೂರ ನಲವತ್ತು ಅಂತ ಬರೆದಿರೋದನ್ನ ಹಾಕಬೇಕು. ಕರೆಂಟು ಡಿಮ್ ಇದ್ದರೆ ಮೋಟಾರು ಬಿಸಿಯಾಗುತ್ತೆ, ಇದು ಹೀಗೆ ಒಡೆಯಲ್ಲ. ಇದು ಹಾಕಿದ ದಿನವೇ ಒಡೀಬೇಕಿತ್ತು, ಅಷ್ಟು ದಿನ ತಡೆದಿದ್ದೇ ಹೆಚ್ಚು."

"ಕಂಪನಿ ಮಾಲು," ಅಂದೆ.

ಭಾನುವಾರ ಮಗ ಮನೆಯಲ್ಲಿದ್ದ. ತಿಂಡಿ ತಿನ್ನುವಾಗ ಅವನ ತಟ್ಟೆಯ ಪಕ್ಕದಲ್ಲೇ ಡಬ್ಬಿ ತಂದಿಟ್ಟೆ. ಸೊಸೆ "ಅತ್ತೇ, ಊಟದತ್ರ ಗಲೀಜು" ಅಂದಳು. ಇರಲಿ ಅಂದೆ.

"ಇದು ಯಾಕೆ ತಂದೆ ಅಂತ ಕೇಳ್ತಿಲ್ಲ ಕಣ್ಲಾ. ಇನ್ನೂರ ಐವತ್ತು ಯಾಕೆ ಸಾಕು ಅಂದ್ಕೊಂಡೆ, ಅದನ್ನ ಯೋಳು."

"ಮನೇಗೆ ಬರೋದು ಇನ್ನೂರ ಮೂವತ್ತು. ಇಪ್ಪತ್ತು ಮಿಗ್ತದಲ್ಲಮ್ಮ."

"ಇನ್ನೂರ ಮೂವತ್ತು ಅದರ ಕೆಲಸದ ಲೆಕ್ಕ ಕಣ್ಲಾ, ಅದರ ಎತ್ತರ ಅಲ್ಲ. ಅದು ಆರೆಮ್ಮೆ. ಎತ್ತರ ಮುನ್ನೂರ ಇಪ್ಪತ್ತೈದು."

"ಏನು? ಎಮ್ಮೆನಾ?"

ಮೊಮ್ಮಗಳು ಅಡುಗೆಮನೆಯಿಂದ ಕೂಗಿದಳು. "ಆರ್‌ಎಂಎಸ್ ಅಪ್ಪ! ಅಜ್ಜಿ ಹೇಳ್ತಿರೋದು ಸರಿ. ಆ ಕಂಡೆನ್ಸರ್ ಡಿ.ಸಿ.ದು."

ಅವನು ಡಬ್ಬಿಯನ್ನು ತಿರುಗಿಸಿ ನೋಡಿದ. ಕನ್ನಡಕ ಹಾಕಿಕೊಂಡು ಮತ್ತೆ ನೋಡಿದ. ದೋಸೆ ಆರುತ್ತಿತ್ತು. ಒಪ್ಪಿಕೊಂಡ ಅಂತ ನಾನು ಅಂದುಕೊಂಡೆ. ಒಪ್ಪಿಕೊಂಡ ಕೂಡ. ಆದರೆ ನನ್ನ ಮಗ ನನ್ನ ಹೊಟ್ಟೆಯಲ್ಲೇ ಹುಟ್ಟಿದವನು, ಸೋತ ಕಡೆಯಿಂದಲೇ ಎದ್ದು ಬರುತ್ತಾನೆ.

"ಸರಿ ಕಣಮ್ಮ, ಕಂಡೆನ್ಸರ್ ತಪ್ಪು ನಂದೇ. ನಾಳೆ ಸರಿಯಾದ್ದು ತತ್ತೀನಿ. ಆದ್ರೆ ನೀನೇ ಯೋಳ್ದೆ, ಕರೆಂಟು ಇನ್ನೂರ ಮೂವತ್ತಲ್ಲ, ಮುನ್ನೂರ ಇಪ್ಪತ್ತೈದು ಅಂತ. ಅಂಗಿದ್ಮೇಲೆ ಇನ್ನೂ ಅಪಾಯ. ಸ್ವಿಚ್ಚು ಮೇಲೇ ಇರ್ಲಿ."

ನನಗೆ ಎಲ್ಲಿಂದ ಸಿಟ್ಟು ಬಂತೋ ಬಂತು. ನಾನು ಕಲಿತ ಲೆಕ್ಕವನ್ನೇ ತಿರುಗಿಸಿ ನನ್ನ ಮೇಲೆ ಬಿಟ್ಟ.

"ಏನ್ಲಾ ಅಂದೆ? ನೀನು ತಿಳ್ಕೊಂಡ ಮೇಲೆ ಅದು ಮುನ್ನೂರ ಇಪ್ಪತ್ತೈದು ಆಯ್ತಾ? ಊರಿಗಾಂನಲ್ಲಿ ನಾನು ಲಂಗ ಹಾಕ್ಕೊಂಡು ಓಡಾಡ್ವಾಗ್ಲೂ ಅಷ್ಟೇ ಏರ್ತಿತ್ತು, ಅಷ್ಟೇ ಇಳೀತಿತ್ತು. ನಿನ್ನೆ ಮೊನ್ನೆವರೆಗೂ ನನ್ನ ಕೈಲಿ ಅಷ್ಟೇ ಇತ್ತು. ಬೆರಳು ಅತ್ತೂ ಅವೆ, ಎಣಿಸ್ಕೋ."

"ನಂಗೆ ಭಯ ಅಮ್ಮ," ಅಂದ. ಅಷ್ಟೇ ಅಂದ. ದನಿ ಏರಿಸದೆ ಅಂದ.

ಅವನ ಭಯ ಸುಳ್ಳಲ್ಲ ಅಂತ ನನಗೂ ಗೊತ್ತು. ಹುಲ್ಲಿನ ಮಿಶನ್ನು ಬೆರಳು ತಿಂದ ಮನೆಗಳು ನಮ್ಮ ಕಡೆ ಇವೆ. ಆದರೆ ಅವನ ಭಯವನ್ನು ನನ್ನ ತಲೆಮೇಲೆ ಹೊತ್ತು ನಾನು ಹಸು ಮಾರಲಾರೆ. ಭಯ ಅವನದು, ಅವನೇ ಅದಕ್ಕೆ ದಾರಿ ಮಾಡಿಕೊಳ್ಳಲಿ.

ನಾನು ಮಾತು ಬೆಳೆಸಲಿಲ್ಲ. ಕೊಟ್ಟಿಗೆಗೆ ಹೋಗಿ ಹಿಂಡಿ ಕಲಸುವ ಬಕೆಟ್ಟನ್ನು ಬೋರಲು ಹಾಕಿ, ಗೋಡೆ ಹಿಡಿದು ಅದರ ಮೇಲೆ ಹತ್ತಿದೆ. ಈಗ ಸ್ವಿಚ್ಚು ಸಿಕ್ಕಿತು. ಬಕೆಟ್ಟು ಒಂದು ಪಕ್ಕಕ್ಕೆ ವಾಲಿತು. ಹಿಂದೆಯೇ ಓಡಿ ಬಂದ ಮಗ ನನ್ನ ಸೊಂಟ ಹಿಡಿದುಕೊಂಡ.

"ಇಳಿಯಮ್ಮೋ! ಬಿದ್ದು ಸೊಂಟ ಮುರ್ಕೊಂತೀಯ!"

"ಮುರ್ಕೊಂತೀನಿ. ದಿನಾ ಇಂಗೇ ಅತ್ತಿ ಇಳೀತೀನಿ. ಕರೆಂಟು ಸಾಯಿಸಲ್ಲ ಕಣ್ಲಾ ನನ್ನ, ನೀನು ಸ್ವಿಚ್ಚಿಟ್ಟ ಎತ್ತರ ಸಾಯಿಸ್ತದೆ."

ಮೊಮ್ಮಗಳು ಬಾಗಿಲಲ್ಲಿ ನಿಂತು, ತುಟಿ ಕಚ್ಚಿಕೊಂಡು, ತನ್ನಪ್ಪನಿಗೆ ಹೇಳಿದಳು. ಸ್ವಿಚ್ಚನ್ನು ಮೇಲಿಟ್ಟರೆ ಕೈ ಸಿಕ್ಕಿಕೊಂಡಾಗ ಆರಿಸಲೂ ಆಗುವುದಿಲ್ಲ. ಕೆಳಗೇ ಇರಬೇಕು, ಕೈಗೆ ಹತ್ತಿರ, ಕೆಂಪು ಗುಂಡಿಯದ್ದು, ಅಂಗೈಯಲ್ಲಿ ಗುದ್ದಿದರೆ ನಿಲ್ಲುವಂಥದ್ದು. ಕರೆಂಟು ಸೋರಿದರೆ ತಾನೇ ಆರಿಹೋಗುವ ಇನ್ನೊಂದು ಸ್ವಿಚ್ಚೂ ಬರುತ್ತದೆ, ಅದನ್ನೂ ಹಾಕಿಸು. ಕಡ್ಡಿ ತಳ್ಳುವ ಬಾಯಿಗೆ ಉದ್ದನೆಯ ತಗಡಿನ ದೋಣಿ ಮಾಡಿಸು, ಆಗ ಅಜ್ಜಿಯ ಕೈ ಕತ್ತಿಯವರೆಗೆ ಹೋಗುವುದೇ ಇಲ್ಲ.

"ಇದನ್ನ ಮೊದಲೇ ಯಾಕೇ ಯೋಳ್ಲಿಲ್ಲ?" ಅಂದ ಮಗ.

"ನೀನು ಏಣಿ ತರೋಕೆ ಹೋಗಿದ್ದೆಯಲ್ಲಪ್ಪ."

ನಾನು ಬಕೆಟ್ಟಿನಿಂದ ಇಳಿಯಲಿಲ್ಲ. ಕೆಳಗಿಡ್ತೀನಿ ಅಂತ ಬಾಯಿ ಬಿಟ್ಟು ಹೇಳು ಅಂದೆ. ಹೇಳಿದ. ಇಳಿದೆ.

ಅವನು ತಿರುಪುಳಿ, ಸುತ್ತಿಗೆ ತಂದು ಗೋಡೆಯ ಹಳೆ ತೂತುಗಳಿಗೆ ಮರದ ಬಿರಡೆ ಹೊಡೆಯುತ್ತಿದ್ದಾಗ ದಲ್ಲಾಳಿ ಬಂದ. ಮೋಟಾರ್ ಸೈಕಲ್ ಬೇಲಿಗೆ ಒರಗಿಸಿ, ಹೆಗಲ ಮೇಲಿನ ಟವಲ್ಲು ಸರಿಮಾಡಿಕೊಂಡು, ನನ್ನನ್ನು ದಾಟಿ ಕೊಟ್ಟಿಗೆಯೊಳಗೆ ಕಣ್ಣು ಹಾಯಿಸಿದ. ಮಗ ಸುತ್ತಿಗೆ ಹಿಡಿದು ನಿಂತ.

"ಅಸ ಯಾವುವಮ್ಮೋ?" ಅಂದ ದಲ್ಲಾಳಿ. "ಎರಡವೆ ಅಂದ್ರು."

"ಯಾರೋ ತಪ್ಪು ಯೋಳವ್ರೆ ಕಣಪ್ಪ. ನಮ್ಮನೇಲಿ ಇರೋದು ಆರೆಮ್ಮೆ."

ಅವನು ಕೊಟ್ಟಿಗೆ ನೋಡಿದ, ನನ್ನ ನೋಡಿದ, ಮಗನನ್ನು ನೋಡಿದ. "ಎಮ್ಮೆನಾ? ಎಲ್ಲಿ?"

"ತಂತೀಲವೆ. ಅವನ್ನ ಮಾರಲ್ಲ. ನೀರು ಬೇಕಾದ್ರೆ ಕುಡಿದು ಓಗು."

ಒಳಗಿನಿಂದ ಮೊಮ್ಮಗಳ ನಗು ಕೇಳಿಸಿತು. ಮಗ ಗೋಡೆಯ ಕಡೆ ತಿರುಗಿ ಬಿರಡೆಯ ಮೇಲೆ ಬೇಕಾದ್ದಕ್ಕಿಂತ ಜೋರಾಗಿ ಬಡಿದ. ದಲ್ಲಾಳಿ ನೀರು ಕುಡಿಯದೆ ಹೋದ.